ಬಾಲ್ ಬೀಳದ ಜಾಗವನ್ನು ಮೊದಲು ಹುಡುಕಿ

ಪ್ರಶ್ನೆ: ಬೆಂಗಳೂರಿನ ಹೊರವಲಯದ ಒಂದು ಗಾಲ್ಫ್ ಕ್ಲಬ್ಬಿನ ಸದಸ್ಯ ನಾನು. 18 ಹೋಲ್‌ಗಳ ಮೈದಾನ, ಒಟ್ಟು ಸುಮಾರು 140 ಎಕರೆ. ಮೊದಲು ಇಲ್ಲಿ ನವಿಲು, ಟಿಟ್ಟಿಭ, ಚಿಟ್ಟೆ ಎಲ್ಲ ಜಾಸ್ತಿ ಇದ್ದವು. ಹತ್ತು ವರ್ಷದಲ್ಲಿ ಕಣ್ಣೆದುರೇ ಕಮ್ಮಿ ಆಗಿವೆ. ಈ ಮಳೆಗಾಲದಲ್ಲಿ 2000 ಗಿಡ ನೆಡಬೇಕು ಅಂತ ನಮ್ಮ ಸಮಿತಿ ತೀರ್ಮಾನಿಸಿದೆ. ಪಟ್ಟಿಯಲ್ಲಿ ಗುಲ್‌ಮೊಹರ್, ಟಬೂಬಿಯಾ, ಅಕೇಶಿಯಾ, ಒಂದಷ್ಟು ಪಾಮ್ ಇವೆ. ಇಲ್ಲಿಯ ಗಿಡಗಳನ್ನೇ ಹಾಕೋಣ, ಒಂದಿಷ್ಟು ಹುಲ್ಲು ಬೆಳೆಯೋಕೆ ಬಿಡೋಣ ಅಂತ ನಾನು ಹೇಳಿದೆ. ಹಾವು ಬರುತ್ತೆ, ಬಾಲ್ ಕಳೆದುಹೋಗುತ್ತೆ, ಮೈದಾನ ಪಾಳು ಬಿದ್ದ ಹಾಗೆ ಕಾಣುತ್ತೆ ಅಂತ ವಿರೋಧ ಬಂತು. ಗಾಲ್ಫ್ ಆಡುವ ಜಾಗದಲ್ಲಿ ಕಾಡುಜೀವಿಗಳಿಗೂ ಜಾಗ ಮಾಡಿಕೊಡಬಹುದಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮಾಡಿಕೊಡಬಹುದು. ಆದರೆ 2000 ಗಿಡಕ್ಕೆ ಇನ್ನೂ ಮುಂಗಡ ಕೊಟ್ಟಿಲ್ಲ ಅಂದರೆ ದಯವಿಟ್ಟು ಒಂದು ವರ್ಷ ತಡೆಯಿರಿ. ನಿಮ್ಮ ಪಟ್ಟಿಯಲ್ಲಿ ಯಾವ ಗಿಡ ಇದೆ ಅನ್ನೋದು ಎರಡನೆಯ ಮಾತು. ಎಲ್ಲಿ ನೆಡಬೇಕು, ಎಲ್ಲಿ ನೆಡಲೇಬಾರದು ಅನ್ನೋದು ಮೊದಲನೆಯದು.

ಇದನ್ನು ನಾನು ನನ್ನ ತಪ್ಪಿನಿಂದ ಕಲಿತೆ. ಹಲವು ವರ್ಷಗಳ ಹಿಂದೆ ಒಂದು ದೊಡ್ಡ ಕ್ಯಾಂಪಸ್ಸಿನವರು ಖಾಲಿ ಬಯಲು ತೋರಿಸಿ ಇಲ್ಲಿ ಏನು ಹಾಕೋಣ ಅಂತ ಕೇಳಿದರು. ನಾನು ಹೊಂಗೆ, ನೇರಳೆ, ಬೇವು ಅಂತ ಒಳ್ಳೊಳ್ಳೆ ನಾಟಿ ಮರಗಳ ಪಟ್ಟಿ ಕೊಟ್ಟೆ. ಮರಗಳು ಚೆನ್ನಾಗಿ ಬಂದವು. ನಾಲ್ಕು ವರ್ಷ ಬಿಟ್ಟು ಹೋದಾಗ ಅಲ್ಲಿ ನೆಲಗುಬ್ಬಿ ಇರಲಿಲ್ಲ, ಟಿಟ್ಟಿಭ ಇರಲಿಲ್ಲ. ಅವು ಮೊಟ್ಟೆ ಇಡುತ್ತಿದ್ದ ಜಾಗವೇ ಆ ಬಯಲು. ನನ್ನ ಕಣ್ಣಿಗೆ ಅದು ಖಾಲಿ ಅನ್ನಿಸಿತ್ತು. ಹಕ್ಕಿಗಳಿಗೆ ಅದೇ ಮನೆಯಾಗಿತ್ತು. ಆವತ್ತಿನಿಂದ ಯಾರೇ ಕೇಳಿದರೂ ಮೊದಲು ಒಂದು ವರ್ಷ ನೋಡಿ, ಆಮೇಲೆ ಗುಂಡಿ ತೋಡಿ ಅಂತಲೇ ಹೇಳುತ್ತೇನೆ.

ಈಗ ನಿಮ್ಮ ಮೈದಾನಕ್ಕೆ ಬರೋಣ. 18 ಹೋಲ್‌ಗಳ ಒಂದು ಸಾಮಾನ್ಯ ಮೈದಾನ ಅಮೆರಿಕದಲ್ಲಿ ಸುಮಾರು 150 ಎಕರೆ ಇರುತ್ತದೆ. ಅದರಲ್ಲಿ ಗ್ರೀನ್‌ಗಳೆಲ್ಲ, ಅಂದರೆ ಬಾಲನ್ನು ಕುಳಿಗೆ ಹಾಕುವ ನುಣುಪು ಹುಲ್ಲಿನ ಜಾಗಗಳೆಲ್ಲ ಸೇರಿ ಬರೀ 3 ಎಕರೆ. ಮೊದಲ ಹೊಡೆತ ಹೊಡೆಯುವ ಟೀಗಳು ಇನ್ನೊಂದು 3 ಎಕರೆ. ಗ್ರೀನ್ ಕಡೆಗೆ ಹೋಗುವ ಗಿಡ್ಡ ಹುಲ್ಲಿನ ಪಟ್ಟಿಗಳಾದ ಫೇರ್‌ವೇಗಳು ಹೆಚ್ಚುಕಡಿಮೆ 30 ಎಕರೆ. ಉಳಿದದ್ದೆಲ್ಲ ರಫ್ (ಫೇರ್‌ವೇ ಅಕ್ಕಪಕ್ಕದ ಉದ್ದ ಹುಲ್ಲಿನ ನೆಲ), ನೀರು, ಮರ, ಕಟ್ಟಡ, ದಾರಿ. ನಿಮ್ಮ 140 ಎಕರೆಯ ಲೆಕ್ಕವೂ ಇದಕ್ಕೆ ಹತ್ತಿರವೇ ಇರಬೇಕು. ಅಂದರೆ ಆಟಕ್ಕೆ ನಿಜವಾಗಿ ಬೇಕಾದ ನೆಲ ಮೂರರಲ್ಲಿ ಒಂದು ಪಾಲೂ ಇಲ್ಲ. ಆದರೂ ನಾವು ಬೇಲಿಯಿಂದ ಬೇಲಿಗೆ ಹುಲ್ಲು ಕತ್ತರಿಸುವ ಮೋವರ್ ಓಡಿಸುತ್ತೇವೆ, ನೀರು ಬಿಡುತ್ತೇವೆ, ಗೊಬ್ಬರ ಎರಚುತ್ತೇವೆ.

ಹಾಗಾಗಿ ಮೊದಲ ಕೆಲಸ ಕಾಗದದ ಮೇಲೆ. ಮೈದಾನದ ಒಂದು ದೊಡ್ಡ ನಕ್ಷೆ ತೆಗೆದುಕೊಂಡು, ಆಟಗಾರರ ಬ್ಯಾಗ್ ಹೊರುವ ಕ್ಯಾಡಿಗಳ ಮುಂದೆ ಹರಡಿ. ಬಾಲ್ ಎಲ್ಲೆಲ್ಲಿ ಬೀಳುತ್ತೆ ಅಂತ ಕೇಳಿ. ಅವರಿಗಿಂತ ಚೆನ್ನಾಗಿ ಇದು ಯಾರಿಗೂ ಗೊತ್ತಿಲ್ಲ. ಎಡಗಡೆ ತಿರುಗುವ ಬಾಲ್ ಎಲ್ಲಿ ಹೋಗುತ್ತೆ, ಬಲಗಡೆ ತಿರುಗುವ ಬಾಲ್ ಎಲ್ಲಿ, ಯಾವ ಮೂಲೆಗೆ ವರ್ಷಕ್ಕೊಮ್ಮೆಯೂ ಯಾರೂ ಕಾಲಿಡೋದಿಲ್ಲ, ಎಲ್ಲ ಹೇಳುತ್ತಾರೆ. ಟೀ ಮತ್ತು ಫೇರ್‌ವೇ ನಡುವಿನ ನೆಲ, ಟೀಗಳ ಹಿಂಬದಿ, ಎರಡು ಹೋಲ್‌ಗಳ (ಟೀಯಿಂದ ಗ್ರೀನ್‌ವರೆಗಿನ ಆಟದ ಪಟ್ಟಿಗಳ) ಬೆನ್ನು ಸೇರುವ ತ್ರಿಕೋನಗಳು, ಕಾಂಪೌಂಡ್ ಪಕ್ಕದ ಪಟ್ಟಿ, ಕೆರೆಯ ಹಿಂದಿನ ದಂಡೆ. ಬಾಲ್ ಬೀಳದ ಜಾಗಕ್ಕೆಲ್ಲ ಬಣ್ಣ ಹಚ್ಚಿ. ಕೂಡಿಸಿ ನೋಡಿದರೆ 20 ಎಕರೆ ಸಿಕ್ಕರೂ ನನಗೆ ಆಶ್ಚರ್ಯ ಇಲ್ಲ. ಇದರಲ್ಲಿ ಆಟದ ಒಂದು ಹೊಡೆತವೂ ಬದಲಾಗೋದಿಲ್ಲ. ಸಮಿತಿಯ ಮುಂದೆ ಇಡಬೇಕಾದ ಮೊದಲ ಕಾಗದ ಇದೇ.

ಇದೆಲ್ಲ ಸಣ್ಣ ಕ್ಲಬ್ಬಿನವರ ಹುಚ್ಚು ಅಂತ ಯಾರಾದರೂ ಅಂದರೆ ಪೈನ್‌ಹರ್ಸ್ಟ್ ಕಥೆ ಹೇಳಿ. ಅಮೆರಿಕದ ನಾರ್ತ್ ಕೆರೊಲೈನಾದ ಮರಳುಗುಡ್ಡಗಳ ನಡುವೆ ಇರುವ ಊರು ಅದು. ಅಲ್ಲಿಯ ಗಾಲ್ಫ್ ರೆಸಾರ್ಟಿನ ನಂಬರ್ 2 ಮೈದಾನವನ್ನು ಡೊನಾಲ್ಡ್ ರಾಸ್ ಅನ್ನುವ ಮೈದಾನ ವಿನ್ಯಾಸಕ 1907ರಲ್ಲಿ ಮಾಡಿದ್ದು. ಆಗ ಫೇರ್‌ವೇ ಬಿಟ್ಟರೆ ಅಕ್ಕಪಕ್ಕ ಇದ್ದದ್ದು ಬರೀ ಮರಳು, ಪೈನ್ ಮರದಿಂದ ಉದುರಿದ ಸೂಜಿ ಎಲೆ, ಅಲ್ಲಲ್ಲಿ ತಂತಿಯಂಥ ವೈರ್‌ಗ್ರಾಸ್ ಹುಲ್ಲಿನ ಬುಡಗಳು. ಕಾಲ ಕಳೆದ ಹಾಗೆ ಎಲ್ಲೆಡೆ ಹಸಿರು ಹುಲ್ಲಿನ ಹಾಸು ಬಂತು, ಊರೆಲ್ಲ ಸ್ಪ್ರಿಂಕ್ಲರ್ ಬಂತು. 2010ರಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅನ್ನುವ ವಿನ್ಯಾಸಕರಿಬ್ಬರೂ ಅದನ್ನು ಹಿಂದಿನ ರೂಪಕ್ಕೆ ತರುವ ಕೆಲಸ ಹಿಡಿದರು. 1943ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳು ಸಿಕ್ಕಿದವು. ಫೇರ್‌ವೇ ಎಷ್ಟು ಅಗಲ ಇತ್ತು, ಮರಳು ಎಲ್ಲಿಂದ ಶುರುವಾಗುತ್ತಿತ್ತು ಅಂತ ಅದರಿಂದ ಗೊತ್ತಾಯಿತು. ಅವರು ಸುಮಾರು 35 ಎಕರೆ ಹುಲ್ಲುಹಾಸನ್ನು ಕಿತ್ತು ಹಾಕಿದರು. 1150 ಸ್ಪ್ರಿಂಕ್ಲರ್ ಇದ್ದದ್ದನ್ನು 450ಕ್ಕೆ ಇಳಿಸಿದರು. ಎರಡು ಲಕ್ಷಕ್ಕೂ ಹೆಚ್ಚು ವೈರ್‌ಗ್ರಾಸ್ ಸಸಿಗಳನ್ನು ಕೈಯಲ್ಲೇ ನೆಟ್ಟರು.

2014ರ ಜೂನ್‌ನಲ್ಲಿ ಅಲ್ಲೇ ಗಂಡಸರ ಯುಎಸ್ ಓಪನ್ ಗಾಲ್ಫ್ ಪಂದ್ಯಾವಳಿ ನಡೆಯಿತು. ಮುಂದಿನ ವಾರವೇ, ಅದೇ ನೆಲದಲ್ಲಿ, ಹೆಂಗಸರ ಯುಎಸ್ ಓಪನ್ ನಡೆಯಿತು. ಟಿವಿಯಲ್ಲಿ ನೋಡಿದ ಕೆಲವರಿಗೆ ಮೈದಾನ ಒಣಗಿ ಹೋಗಿದೆ ಅನ್ನಿಸಿತು, ಬೈದರು. ಆಡಿದವರಲ್ಲಿ ಬಹಳ ಮಂದಿಗೆ ಹಿಡಿಸಿತು. 2024ರಲ್ಲಿ ಯುಎಸ್ ಓಪನ್ ಮತ್ತೆ ಅಲ್ಲಿಗೇ ಬಂತು. ಕಂದು ಬಣ್ಣ ಅಂದರೆ ಪಾಳು ಅಲ್ಲ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ಪೈನ್‌ಹರ್ಸ್ಟ್ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಆ ಮರಳುಗುಡ್ಡಗಳಲ್ಲಿ ಒಂದು ಜಾತಿಯ ಮರಕುಟಿಗ ಇದೆ. ಇಂಗ್ಲಿಷಿನಲ್ಲಿ ರೆಡ್ ಕಾಕೇಡೆಡ್ ಅನ್ನುತ್ತಾರೆ. ಅದು ಒಣಮರದಲ್ಲಿ ಗೂಡು ಕೊರೆಯೋದಿಲ್ಲ, ಬದುಕಿರುವ ಹಳೆಯ ಪೈನ್ ಮರವೇ ಬೇಕು. ಒಂದು ಗೂಡು ಕೊರೆಯೋಕೆ ವರ್ಷಗಟ್ಟಲೆ ಹಿಡಿಯುತ್ತದೆ. ಗೂಡಿನ ಸುತ್ತ ಸಣ್ಣ ಸಣ್ಣ ತೂತು ಮಾಡಿ ಅಂಟು ಸುರಿಯೋ ಹಾಗೆ ಮಾಡುತ್ತದೆ, ಹಾವು ಹತ್ತದೇ ಇರಲಿ ಅಂತ. ಆಗ ಅಳಿವಿನ ಅಂಚಿನ ಹಕ್ಕಿ ಆಗಿದ್ದರಿಂದ, ಅದು ತಮ್ಮ ಜಮೀನಿಗೆ ಬಂದರೆ ಸರ್ಕಾರದ ನಿರ್ಬಂಧವೂ ಹಿಂದೆಯೇ ಬರುತ್ತೆ ಅಂತ ಜನ ಹೆದರುತ್ತಿದ್ದರು. ಹಕ್ಕಿ ಬರೋ ಮೊದಲೇ ಹಳೆಯ ಮರ ಕಡಿದವರೂ ಇದ್ದರು. 1995ರಲ್ಲಿ ಸೇಫ್ ಹಾರ್ಬರ್ ಅನ್ನುವ ಒಪ್ಪಂದ ಬಂತು. ನೀವು ಹಕ್ಕಿಗೆ ಒಳ್ಳೆಯದು ಮಾಡಿ, ಅದಕ್ಕಾಗಿ ನಿಮ್ಮ ಮೇಲೆ ಹೊಸ ನಿರ್ಬಂಧ ಹಾಕೋದಿಲ್ಲ ಅನ್ನುವ ಭರವಸೆ ಅದು. ಅದಕ್ಕೆ ಮೊದಲು ಸಹಿ ಹಾಕಿದ್ದು ಇದೇ ಪೈನ್‌ಹರ್ಸ್ಟ್ ರೆಸಾರ್ಟ್. ಭಯ ಹೋದ ಮೇಲೆ ಮರ ಉಳಿಯಿತು. ನಿಮ್ಮ ಸದಸ್ಯರ ಭಯವನ್ನೂ ಹೀಗೇ ಒಂದೊಂದಾಗಿ ಕೂತು ಬಿಡಿಸಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮಲ್ಲಿ ಏನು ಬೆಳೆಸಬೇಕು? ಪೈನ್‌ಹರ್ಸ್ಟ್‌ನವರು ತಮ್ಮ ನೆಲದ ಹಳೆಯ ರೂಪ ಹುಡುಕಿದ ಹಾಗೆ ನಾವು ನಮ್ಮದನ್ನು ಹುಡುಕಬೇಕು. ಬೆಂಗಳೂರಿನ ಸುತ್ತಲಿನ ಬಯಲುಸೀಮೆ ದಟ್ಟ ಕಾಡಿನ ನೆಲ ಅಲ್ಲ. ಕೆಂಪು ಮಣ್ಣು, ಅಲ್ಲಲ್ಲಿ ಬಂಡೆ, ಮೊಣಕಾಲುದ್ದ ಹುಲ್ಲು, ಕುರುಚಲು ಪೊದೆ, ದೂರದೂರಕ್ಕೆ ಒಂದೊಂದು ಮರ. ಊರಿನ ಗೋಮಾಳ ನೆನಪು ಮಾಡಿಕೊಳ್ಳಿ, ಹಾಗೆ. ಇವತ್ತಿಗೂ ನೋಡಬೇಕು ಅಂದರೆ ಹೆಸರಘಟ್ಟದ ಹುಲ್ಲುಗಾವಲಿಗೆ ಒಂದು ಬೆಳಗ್ಗೆ ಹೋಗಿ ಬನ್ನಿ. ಚಳಿಗಾಲದಲ್ಲಿ ಹೋದರೆ ಹುಲ್ಲಿನ ತುದಿಗೆ ತಾಗುವಷ್ಟು ಕೆಳಗೆ ಸೆಳೆವಗಳು ತೇಲಿಕೊಂಡು ಹೋಗೋದು ಕಾಣಬಹುದು. ಸಮಿತಿಯ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಹತ್ತು ಸಭೆಯಲ್ಲಿ ಆಗದ ಕೆಲಸ ಒಂದು ಬೆಳಗ್ಗೆ ಆಗುತ್ತದೆ.

ಹುಲ್ಲು ಅಂದಾಗ ಒಂದು ಮಾತು ಹೇಳಬೇಕು. ನಿಮ್ಮ ಫೇರ್‌ವೇಯಲ್ಲಿರುವ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆಯ ಸಂಬಂಧಿ. ಗಾಲ್ಫ್ ಮೈದಾನಗಳಲ್ಲಿ ಜಾಸ್ತಿ ಬಳಸುವ ಟಿಫ್‌ವೇ 419 ಅನ್ನುವ ತಳಿ ಅಮೆರಿಕದ ಜಾರ್ಜಿಯಾದ ಟಿಫ್ಟನ್ ಊರಿನಿಂದ 1960ರಲ್ಲಿ ಬಂದದ್ದು. ಗರಿಕೆಗೂ ಆಫ್ರಿಕಾದ ಇನ್ನೊಂದು ಗರಿಕೆ ಜಾತಿಗೂ ಹುಟ್ಟಿದ ಮಿಶ್ರತಳಿ ಅದು. ಬೀಜ ಕಟ್ಟೋದಿಲ್ಲ. ತುಂಡು ನೆಟ್ಟೇ ಬೆಳೆಸಬೇಕು. ಆಟಕ್ಕೆ ತುಂಬ ಒಳ್ಳೆಯ ಹುಲ್ಲು. ಆದರೆ ಕಾಳು ತಿಂದು ಬದುಕುವ ರಾಟವಾಳದ ಹಿಂಡಿಗೆ ಇಡೀ ಫೇರ್‌ವೇಯಲ್ಲಿ ಒಂದು ಕಾಳೂ ಸಿಗೋದಿಲ್ಲ. ನಿಮ್ಮ ಮೈದಾನದಲ್ಲಿ ಹಕ್ಕಿ ಯಾಕೆ ಕಮ್ಮಿ ಆದವು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಹಸಿರು ಇದೆ, ಊಟ ಇಲ್ಲ.

ಬಣ್ಣ ಹಚ್ಚಿದ ಜಾಗದಲ್ಲಿ ಮಾಡಬೇಕಾದ್ದು ಹೀಗೆ. ಮೊದಲು ನೀರು ನಿಲ್ಲಿಸಿ. ಗೊಬ್ಬರ ನಿಲ್ಲಿಸಿ. ಕೊಬ್ಬಿದ ನೆಲದಲ್ಲಿ ಗರಿಕೆಯೇ ಗೆಲ್ಲುತ್ತದೆ, ಬಡ ನೆಲದಲ್ಲಿ ನಮ್ಮ ಬಯಲಿನ ಹುಲ್ಲು ಗೆಲ್ಲುತ್ತದೆ. ಮೋವರ್ ಅನ್ನು ವರ್ಷಕ್ಕೆ ಒಂದೇ ಸಲ ಒಳಗೆ ಬಿಡಿ. ಅದೂ ಡಿಸೆಂಬರ್ ಅಥವಾ ಜನವರಿಯಲ್ಲಿ, ಬೀಜ ಉದುರಿದ ಮೇಲೆ. ಅದೂ ಮೂರರಲ್ಲಿ ಒಂದು ಭಾಗ ಮಾತ್ರ. ಉಳಿದ ಎರಡು ಭಾಗ ಹಾಗೇ ನಿಂತಿರಲಿ. ಹುಲ್ಲಿನ ಬುಡದಲ್ಲಿ ಮಲಗಿರುವ ಹುಳು, ಮೊಟ್ಟೆ, ಕೋಶಗಳಿಗೆ ಅದೇ ಆಸರೆ. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಬೇಡಿ, ಕೊಳೆತು ಗೊಬ್ಬರ ಆಗುತ್ತದೆ. ಪಕ್ಕದ ಹಳ್ಳಿಯ ದನಕರುಗಳಿಗೆ ಕೊಡಿ. ಆದರೆ ಆ ಜಾಗಕ್ಕೆ ಯಾವತ್ತೂ ಔಷಧಿ ಹೊಡೆದಿಲ್ಲ ಅನ್ನೋದು ಖಾತ್ರಿ ಇದ್ದರೆ ಮಾತ್ರ.

ನೀರು ನಿಲ್ಲಿಸಿದ ಕೂಡಲೇ ಒಳ್ಳೆಯ ಹುಲ್ಲು ಬಂದುಬಿಡುತ್ತೆ ಅಂದುಕೊಳ್ಳಬೇಡಿ. ಮೊದಲ ಮಳೆಗೆ ಬರೋದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಆಮೇಲೆ ಲಂಟಾನಾ, ಸುಬಾಬುಲ್. ಇದನ್ನು ನೋಡಿಯೇ ಬಹಳ ಕಡೆ ಜನ ಕೈಬಿಡುತ್ತಾರೆ. ಕೈಬಿಡಬೇಡಿ. ಪಾರ್ಥೇನಿಯಂ ಹೂ ಬಿಡೋ ಮೊದಲು, ನೆಲ ಒದ್ದೆ ಇರುವಾಗ, ಬೇರುಸಹಿತ ಕೀಳಿಸಿ. ಕೀಳುವವರಿಗೆ ಗ್ಲೌಸ್ ಮತ್ತು ಮಾಸ್ಕ್ ಕೊಡಿ, ಅದರಿಂದ ಚರ್ಮಕ್ಕೂ ಉಸಿರಿಗೂ ಅಲರ್ಜಿ ಆಗುತ್ತದೆ. ಎಲೆಯ ಮೇಲೆ ಕಂದು ಗೆರೆಗಳ ಸಣ್ಣ ಬಿಳಿ ಜೀರುಂಡೆ ಕಂಡರೆ ಕೊಲ್ಲಬೇಡಿ. ಈ ಕಳೆಯನ್ನು ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು. ಈಗಲೂ ಮಳೆಗಾಲದಲ್ಲಿ ತನ್ನ ಕೆಲಸ ಮಾಡುತ್ತಿದೆ. ಸತತ ಮೂರು ಮಳೆಗಾಲ ಕಳೆ ಕಿತ್ತರೆ ನಾಲ್ಕನೆಯ ವರ್ಷ ಕೆಲಸ ತುಂಬ ಹಗುರ ಆಗುತ್ತದೆ.

ಹುಲ್ಲಿನ ಬೀಜಕ್ಕೆ ನರ್ಸರಿಗೆ ಹೋಗಬೇಡಿ. ನವೆಂಬರ್, ಡಿಸೆಂಬರ್‌ನಲ್ಲಿ ಹತ್ತಿರದ ಗೋಮಾಳ, ಬಂಡೆಗುಡ್ಡ, ರಸ್ತೆ ಬದಿಯಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಪ್ಯಾಂಟಿಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು, ಉಜ್ಜಿದರೆ ಘಮ್ಮನೆ ವಾಸನೆ ಬರುವ ಹುಲ್ಲು, ಕರಡ, ಎಲ್ಲ ಸಿಗುತ್ತವೆ. ಜಮೀನಿನವರನ್ನು ಕೇಳಿ, ತೆನೆ ಸವರಿ ಚೀಲಕ್ಕೆ ತುಂಬಿಸಿಕೊಳ್ಳಿ. ಪೂರ್ತಿ ಬೋಳಿಸಬೇಡಿ. ಜೂನ್ ಮಳೆ ಹಿಡಿದಾಗ ಕೆದಕಿದ ನೆಲಕ್ಕೆ ಎರಚಿ. ನಿಮ್ಮ ಮಾಲಿಗಳಲ್ಲಿ, ಕ್ಯಾಡಿಗಳಲ್ಲಿ ಸುತ್ತಲಿನ ಹಳ್ಳಿಯವರು ಇದ್ದೇ ಇರುತ್ತಾರೆ. ದನ ಯಾವ ಹುಲ್ಲು ತಿನ್ನುತ್ತೆ, ಯಾವುದನ್ನು ಮೂಸಿ ಬಿಡುತ್ತೆ ಅಂತ ಅವರಿಗೆ ಚಿಕ್ಕಂದಿನಿಂದ ಗೊತ್ತು. ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಜಾಸ್ತಿ ಹುಲ್ಲಿನ ಹೆಸರು ಅಂಥವರ ಬಾಯಲ್ಲೇ ಕೇಳಿದ್ದೇನೆ.

ಹುಲ್ಲಿನ ನಡುವೆ ಪೊದೆ ಬೇಕು. ಆವರಿಕೆ, ಬಂದರಿಕೆ, ಲಕ್ಕಿ, ಕಾರೆ, ಕವಳೆ. ಇವೆಲ್ಲ ಬರಗಾಲ ತಡೆಯುವ ಗಿಡಗಳು. ಮೊದಲ ವರ್ಷ ಬೇಸಿಗೆಯಲ್ಲಿ ಒಂದಿಷ್ಟು ನೀರು ಕೊಟ್ಟರೆ ಸಾಕು. ಎಕ್ಕ ಇದ್ದರೆ ದಯವಿಟ್ಟು ಕೀಳಬೇಡಿ. ಅಮೆರಿಕದಲ್ಲಿ 2018ರಿಂದ ಗಾಲ್ಫ್ ಮೈದಾನಗಳ ರಫ್‌ನಲ್ಲಿ ಮಿಲ್ಕ್‌ವೀಡ್ ಅನ್ನುವ ಗಿಡ ಬೆಳೆಸುವ ಒಂದು ಕಾರ್ಯಕ್ರಮ ನಡೆಯುತ್ತಿದೆ. ಸಾವಿರಾರು ಕಿಲೋಮೀಟರ್ ವಲಸೆ ಹೋಗುವ ಮೊನಾರ್ಕ್ ಚಿಟ್ಟೆಯ ಮರಿಹುಳು ಆ ಗಿಡ ಬಿಟ್ಟು ಬೇರೇನೂ ತಿನ್ನೋದಿಲ್ಲ. ನಮ್ಮ ಎಕ್ಕ ಆ ಮಿಲ್ಕ್‌ವೀಡ್‌ನ ಹತ್ತಿರದ ನೆಂಟ. ಮೊನಾರ್ಕ್‌ನ ಹತ್ತಿರದ ನೆಂಟ ನಮ್ಮಲ್ಲಿ ಎಲ್ಲ ಕಡೆ ಕಾಣುವ ಪ್ಲೇನ್ ಟೈಗರ್ ಚಿಟ್ಟೆ.

ಒಂದು ಎಕ್ಕದ ಗಿಡದ ಪಕ್ಕ ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತು ನೋಡಿ. ಎಲೆಯ ಅಡಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಮೊಟ್ಟೆ ಒಂದೊಂದೇ ಅಂಟಿರುತ್ತದೆ. ಪಕ್ಕದ ಎಲೆಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಸಿಗಬಹುದು. ಬೆನ್ನ ಮೇಲೆ ಮೂರು ಜೊತೆ ಕಪ್ಪು ಮೀಸೆ. ಅದು ಎಲೆಯನ್ನು ಸುಮ್ನೆ ತಿನ್ನೋದಿಲ್ಲ. ಮೊದಲು ನರವನ್ನು ಕಚ್ಚುತ್ತದೆ. ಹಾಲು ಅಲ್ಲೇ ಸುರಿದು ಹೋಗುತ್ತದೆ. ಆಮೇಲೆ ಹಾಲು ಬಾರದ ತುದಿಯನ್ನು ಆರಾಮಾಗಿ ಮೇಯುತ್ತದೆ. ಆದರೂ ಎಲೆಯಲ್ಲಿ ಉಳಿದ ವಿಷ ಹುಳುವಿನ ಮೈ ಸೇರಿ ಚಿಟ್ಟೆಗೂ ಬರುತ್ತದೆ. ಹಾಗಾಗಿ ಹೆಚ್ಚಿನ ಹಕ್ಕಿಗಳು ಅದನ್ನು ಮುಟ್ಟೋದಿಲ್ಲ. ಅದೇ ಗಿಡದ ಹೂವಿಗೆ ದಪ್ಪ ಕಪ್ಪು ಮರದುಂಬಿ ಗುಂಯ್‌ಗುಡುತ್ತಾ ಬಂದಿರುತ್ತದೆ. ನಿಮ್ಮ ಮಾಲಿ ಕಳೆ ಅಂತ ಕಿತ್ತು ಎಸೆಯುವ ಗಿಡದಲ್ಲಿ ಇಷ್ಟೆಲ್ಲ ನಡೆಯುತ್ತಿರುತ್ತದೆ.

ಮರ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಂಪೌಂಡ್ ಉದ್ದಕ್ಕೂ, ಈಗಾಗಲೇ ಮರಗಳ ಗುಂಪು ಇರುವ ಕಡೆ ನೆಡಿ. ಅತ್ತಿ, ಬಸರಿ, ಗೋಣಿ, ಹೊಂಗೆ, ನೇರಳೆ, ಕಕ್ಕೆ, ಮುತ್ತುಗ, ಬಿಲ್ವ. ತಗ್ಗಿನಲ್ಲಿ ಈಚಲು. ಒಂದೇ ಸಾಲಿನಲ್ಲಿ ಒಂದೇ ಜಾತಿ ನೆಡಬೇಡಿ. ಕೊಂಬೆ ಕೊಂಬೆಗೆ ತಾಗೋ ಹಾಗೆ ಗುಂಪಾಗಿರಲಿ, ನೆಲಕ್ಕಿಳಿಯಲು ಹೆದರುವ ಕಾಡುಪಾಪದಂಥ ಜೀವಿಗೆ ಅದೇ ದಾರಿ. ಅತ್ತಿ, ಗೋಣಿಯಂಥ ಮರಗಳನ್ನು ಗ್ರೀನ್‌ನಿಂದ ದೂರ ಇಡಿ. ಬೇರು ಮತ್ತು ನೆರಳು ಎರಡೂ ಅಲ್ಲಿ ತೊಂದರೆ. ಮೈದಾನ ನೋಡಿಕೊಳ್ಳುವ ನಿಮ್ಮ ಸೂಪರಿಂಟೆಂಡೆಂಟ್ ಇದರ ಬಗ್ಗೆ ತಕರಾರು ಮಾಡಿದರೆ ಅವರು ಹೇಳುವುದು ಸರಿಯೇ. ಈಗಿರುವ ಹಳೆಯ ಮಳೆಮರ, ಗುಲ್‌ಮೊಹರ್ ಹೊರದೇಶದವು ಅಂತ ಕಡಿಯಬೇಡಿ. ಹದ್ದು ಅದರಲ್ಲೇ ಗೂಡು ಕಟ್ಟಿರಬಹುದು. ಅವು ತಮ್ಮ ಕಾಲ ಮುಗಿಸಲಿ, ಹೊಸದಾಗಿ ಹಾಕೋದು ಬೇಡ. ಜನ ಓಡಾಡದ ಕಡೆ ಒಂದು ಮರ ಒಣಗಿ ನಿಂತರೆ ಅದನ್ನೂ ಬಿಡಿ. ಕುಟುರ ತೂತು ಕೊರೆಯುತ್ತದೆ, ಆಮೇಲೆ ಗಿಳಿ ಬರುತ್ತದೆ, ಹಾಲಕ್ಕಿ ಬರುತ್ತದೆ.

ನೀರಿನ ವಿಷಯ. ದೊಮ್ಮಲೂರಿನ ಪಕ್ಕದ ಗಾಲ್ಫ್ ಮೈದಾನ ಇರೋದು ಹಿಂದಿನ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಅನ್ನೋದು ಬೆಂಗಳೂರಿನ ಹಳಬರಿಗೆ ಗೊತ್ತು. ನಿಮ್ಮ ಮೈದಾನದ ಕೆಳಗೆ ಏನಿದೆ? ಹಳೆಯ ಗ್ರಾಮನಕ್ಷೆ ತೆಗೆಸಿ ನೋಡಿ. ಕಾಲುವೆ, ಕುಂಟೆ, ಕೋಡಿ ಎಲ್ಲಿತ್ತು ಅಂತ ಗೊತ್ತಾದರೆ ಮಳೆನೀರು ಎಲ್ಲಿ ನಿಲ್ಲಲು ಬಯಸುತ್ತೆ ಅಂತಲೂ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಹತ್ತಿರ ಓಶನ್ ಮೆಡೋಸ್ ಅಂತ 9 ಹೋಲ್‌ಗಳ ಮೈದಾನ ಇತ್ತು. 1960ರ ದಶಕದಲ್ಲಿ ಸಮುದ್ರದ ಹಿನ್ನೀರಿನ ಜವುಗಿಗೆ ಮಣ್ಣು ತುಂಬಿ ಮಾಡಿದ್ದು. 2013ರಲ್ಲಿ ಅದನ್ನು ಕೊಂಡು ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. 2017ರಿಂದ ಕೆಲಸ ಶುರುವಾಗಿ, ತುಂಬಿದ ಮಣ್ಣನ್ನು ತೆಗೆದು ದಿಬ್ಬಕ್ಕೆ ವಾಪಸ್ ಹಾಕಿದರು. ಸುತ್ತಮುತ್ತಲಿಂದಲೇ ಬೀಜ ಆರಿಸಿ ಗಿಡ ಬೆಳೆಸಿದರು. ಜವುಗು ಮರಳಿ ಬಂತು. ಅಳಿವಿನ ಅಂಚಿನಲ್ಲಿದ್ದ ಒಂದು ಪುಟ್ಟ ಮೀನೂ ಅದರ ಜೊತೆ ಬಂತು.

ಅವರ ಹಾಗೆ ನೀವು ಆಟ ನಿಲ್ಲಿಸಬೇಕಾಗಿಲ್ಲ. ಕೊಳದ ಒಂದು ದಂಡೆಯನ್ನಾದರೂ ಇಳಿಜಾರು ಮಾಡಿ. ಗಾಲ್ಫ್ ಕೊಳಗಳು ಬಹಳ ಕಡೆ ಪ್ಲಾಸ್ಟಿಕ್ ಹಾಸಿದ ತೊಟ್ಟಿಯ ಹಾಗೆ ಇರುತ್ತವೆ, ಅಂಚಿನಲ್ಲೇ ಆಳ. ಬೆಳ್ಳಕ್ಕಿ ಕಾಲಿಡೋಕೆ, ಕಪ್ಪೆ ಮೊಟ್ಟೆ ಇಡೋಕೆ ಮೊಣಕಾಲಿಗಿಂತ ಕಡಿಮೆ ನೀರು ಬೇಕು. ಅಲ್ಲಿ ಒಂದಿಷ್ಟು ಜೊಂಡು, ಲಾವಂಚ ಬರಲಿ. ಪಕ್ಕದಲ್ಲಿ ಉದ್ದ ಹುಲ್ಲು, ಮೇಲೆ ಬಾಗಿದ ಜಾಲಿ ಅಥವಾ ಈಚಲು ಇದ್ದರೆ ಗೀಜಗ ತಾನಾಗಿ ಬರುತ್ತದೆ. ಗೂಡು ಹೆಣೆಯೋಕೆ ಹುಲ್ಲಿನ ಎಳೆಯನ್ನು ಅದು ಅಲ್ಲೇ ಸೀಳಿಕೊಳ್ಳುತ್ತದೆ. ಸೊಳ್ಳೆಗೆ ಅಂತ ಗಂಬೂಸಿಯಾ ಮೀನು ಬಿಡಬೇಡಿ, ಕಪ್ಪೆಮರಿಗಳನ್ನೂ ತಿಂದುಬಿಡುತ್ತದೆ.

ನೀರಿನ ಅಂಚಿನಿಂದ ಕನಿಷ್ಠ 10 ಮೀಟರ್‌ವರೆಗೆ ಯಾವ ಔಷಧಿಯೂ ಬೇಡ. 1984ರಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲಿಗೆ ಡಯಾಜಿನಾನ್ ಅನ್ನುವ ಕೀಟನಾಶಕ ಹೊಡೆದರು. ಅದನ್ನು ಮೇದ ಸುಮಾರು 700 ಬ್ರ್ಯಾಂಟ್ ಹೆಬ್ಬಾತುಗಳು ಸತ್ತವು. ಇಂಥ ಸಾವುಗಳ ಕಾರಣಕ್ಕೇ ಅಮೆರಿಕ ಗಾಲ್ಫ್ ಮೈದಾನಗಳಲ್ಲಿ ಆ ಔಷಧಿಯನ್ನು ನಿಷೇಧಿಸಿತು. ಇಲಿ ಪಾಷಾಣವೂ ಅಷ್ಟೇ. ವಿಷ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ, ಗೂಬೆಯೂ ಸಾಯುತ್ತದೆ. ಇಲಿ ಹಿಡಿಯುವವರನ್ನೇ ಕೊಂದ ಮೇಲೆ ಮುಂದಿನ ವರ್ಷ ಇಲಿ ಇನ್ನೂ ಜಾಸ್ತಿ.

ಈಗ ನಿಮ್ಮ ಸದಸ್ಯರ ಮೂರು ಆಕ್ಷೇಪಣೆ.

ಹಾವು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮಲ್ಲಿ ನಾಗರ, ಕೊಳಕುಮಂಡಲ ಎರಡೂ ಇವೆ. ಆದರೆ ಹಾವು ಬರೋದು ಹುಲ್ಲು ನೋಡಿ ಅಲ್ಲ, ಇಲಿ ನೋಡಿ. ಇಲಿ ಬರೋದು ಕ್ಲಬ್‌ಹೌಸಿನ ಎಂಜಲು, ಬಿಸಾಡಿದ ತಿಂಡಿ ನೋಡಿ. ಕಸವನ್ನು ಮೊದಲು ಸರಿ ಮಾಡಿ. ಜನ ನಡೆಯುವ ದಾರಿಗೂ ಉದ್ದ ಹುಲ್ಲಿಗೂ ನಡುವೆ 3 ಮೀಟರ್ ಕತ್ತರಿಸಿದ ಪಟ್ಟಿ ಇರಲಿ. ಬೇಸಿಗೆಯಲ್ಲಿ ಬೆಂಕಿ ಹರಡದ ಹಾಗೆ ತಡೆಯೋಕೂ ಅದೇ ಪಟ್ಟಿ ಬೇಕು. ಉದ್ದ ಹುಲ್ಲಿಗೆ ಯಾರೂ ಬಾಲ್ ಹುಡುಕಲು ಕೈ ಹಾಕಬಾರದು ಅಂತ ನಿಯಮ ಮಾಡಿ. ಕ್ಯಾಡಿಗಳನ್ನು ಕಳಿಸೋದಂತೂ ಬೇಡವೇ ಬೇಡ. ಹಾವು ಕಚ್ಚಿದರೆ ವಿಷ ನಿರೋಧಕ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಕ್ಲಬ್‌ಹೌಸಿನಲ್ಲಿ ದೊಡ್ಡದಾಗಿ ಬರೆದು ಹಾಕಿ.

ಬಾಲ್. ಇದಕ್ಕೆ ಆಟದ ನಿಯಮದಲ್ಲೇ ದಾರಿ ಇದೆ. 2019ರಲ್ಲಿ ಗಾಲ್ಫ್ ನಿಯಮಗಳು ಬದಲಾದವು. ಅದರ ಪ್ರಕಾರ ನೀರಿಲ್ಲದ ಜಾಗವನ್ನೂ ಸಮಿತಿ ಪೆನಾಲ್ಟಿ ಏರಿಯಾ ಅಂತ ಗುರುತಿಸಬಹುದು. ಅದರೊಳಗೆ ನೋ ಪ್ಲೇ ಝೋನ್, ಅಂದರೆ ಒಳಗಿಂದ ಆಡಬಾರದ ಜಾಗ, ಅಂತಲೂ ಘೋಷಿಸಬಹುದು. ಕೆಂಪು ಗೂಟ ನೆಟ್ಟು ಅದರ ತುದಿಗೆ ಹಸಿರು ಬಣ್ಣ ಹಚ್ಚಿದರೆ ಆಟಗಾರರಿಗೆ ಅರ್ಥ ಆಗುತ್ತದೆ. ಬಾಲ್ ಅಲ್ಲಿಗೆ ಹೋದರೆ ಒಂದು ಹೊಡೆತದ ದಂಡ, ಹೊರಗೆ ಇನ್ನೊಂದು ಬಾಲ್ ಹಾಕಿ ಮುಂದೆ ಹೋಗೋದು. ಟೀಗೆ ವಾಪಸ್ ನಡೆಯಬೇಕಾಗಿಲ್ಲ. ಹುಡುಕುವ ಸಮಯವೂ ಈಗ 5 ನಿಮಿಷ ಅಲ್ಲ, 3 ನಿಮಿಷ. ನಿಜ ಹೇಳಬೇಕು ಅಂದರೆ ಆಟ ಬೇಗ ಮುಗಿಯುತ್ತದೆ.

ಪಾಳು ಬಿದ್ದ ಹಾಗೆ ಕಾಣೋದು. ಅಂಚು ಚೊಕ್ಕಟವಾಗಿದ್ದರೆ ಒಳಗಿನದು ಬೇಕಂತಲೇ ಬಿಟ್ಟದ್ದು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಆ 3 ಮೀಟರ್ ಪಟ್ಟಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಮೊದಲ ವರ್ಷ ಎಲ್ಲ 20 ಎಕರೆ ಬೇಡ, 2 ಎಕರೆ ಸಾಕು. ಎಲ್ಲರಿಗೂ ಕಾಣುವ ಒಂದು ಟೀ ಪಕ್ಕ ಮಾಡಿ. ಅಲ್ಲಿ ಆವರಿಕೆ ಹಳದಿ ಹೂ ಬಿಟ್ಟಾಗ ವಾದ ಅರ್ಧ ಕಮ್ಮಿ ಆಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಿತಿಯನ್ನೂ ಹೇಳಬೇಕು. ಸ್ವೀಡನ್ನಿನ ಯೊಹಾನ್ ಕೊಲ್ಡಿಂಗ್ ಮತ್ತು ಕಾರ್ಲ್ ಫೋಲ್ಕೆ ಅನ್ನುವ ವಿಜ್ಞಾನಿಗಳು 2009ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 64% ಹೋಲಿಕೆಗಳಲ್ಲಿ ಗಾಲ್ಫ್ ಮೈದಾನ ಬೇರೆ ಬಗೆಯ ನೆಲಕ್ಕಿಂತ ಜೀವಿಗಳಿಗೆ ಮೇಲು ಅಂತ ಕಂಡಿತು. ಆದರೆ ಆ ಲಾಭ ಎದ್ದು ಕಂಡದ್ದು ಹೊಲ ಮತ್ತು ಊರಿನ ನೆಲಕ್ಕೆ ಹೋಲಿಸಿದಾಗ. ಸಹಜ ಕಾಡು, ಹುಲ್ಲುಗಾವಲಿಗೆ ಹೋಲಿಸಿದಾಗ ಅಲ್ಲ. ಹಾಗಾಗಿ ಇರುವ ಮೈದಾನವನ್ನು ಸುಧಾರಿಸಿ ಅಂತ ನಾನು ಖುಷಿಯಿಂದ ಹೇಳುತ್ತೇನೆ. ಗೋಮಾಳ ಅಗೆದು ಹೊಸ ಮೈದಾನ ಮಾಡಿ, ನಾಲ್ಕು ನಾಟಿ ಗಿಡ ನೆಟ್ಟು ಪರಿಸರ ಸ್ನೇಹಿ ಅಂದರೆ ಒಪ್ಪೋದಿಲ್ಲ. ಮುಂದೆ ಪ್ರಮಾಣಪತ್ರ ಬೇಕು ಅನ್ನಿಸಿದರೆ ಆಡುಬಾನ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ 1991ರಿಂದ ಗಾಲ್ಫ್ ಮೈದಾನಗಳಿಗೆ ಇಂಥ ಒಂದು ಕಾರ್ಯಕ್ರಮ ನಡೆಸುತ್ತಿದೆ. ಮೊದಲು ಕೆಲಸ ಮಾಡಿ, ಕಾಗದ ಆಮೇಲೆ ನೋಡಿ.

ಕೊನೆಗೆ, ನಿಮ್ಮ ಟಿಟ್ಟಿಭ. ಇದಕ್ಕೆ ಮುಂದಿನ ಮಳೆಗಾಲದವರೆಗೂ ಕಾಯಬೇಕಾಗಿಲ್ಲ. ಅದು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖವಾಗಿ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಪಕ್ಕದಲ್ಲೇ ನಿಂತರೂ ಕಲ್ಲು ಅಂತಲೇ ಕಾಣುತ್ತದೆ. ಸುಡುಬಿಸಿಲಿನಲ್ಲಿ ತಾಯಿಹಕ್ಕಿ ಕೊಳಕ್ಕೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ತಂಪಾಗಲಿ ಅಂತ. ನಾಲ್ಕು ವಾರ ಕಾವು. ಅಷ್ಟರಲ್ಲಿ ಮೋವರ್ ಒಂದು ಸಲ ಮೇಲೆ ಹೋದರೆ ಮುಗಿಯಿತು. ಹಕ್ಕಿ ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತಿದ್ದರೆ ಕೆಳಗೆ ಎಲ್ಲೋ ಗೂಡಿದೆ ಅಂತ ಮೋವರ್ ಓಡಿಸುವವರಿಗೆ ಹೇಳಿಕೊಡಿ. ಗೂಡಿನಿಂದ ಐದಾರು ಹೆಜ್ಜೆ ದೂರದಲ್ಲಿ ನಾಲ್ಕು ಸಣ್ಣ ಬಾವುಟ ನೆಟ್ಟು, ಮರಿ ಎದ್ದು ಓಡುವವರೆಗೆ ಆ ತುಂಡು ನೆಲವನ್ನು ಬಿಟ್ಟುಬಿಡಿ. ಬಾವುಟ ಗೂಡಿಗೆ ತೀರಾ ಹತ್ತಿರ ಬೇಡ, ಕಾಗೆಗಳು ಗುರುತು ಹಿಡಿಯುತ್ತವೆ.